ಎಲ್ಲರ ಮೇಜಿಗೂ ಒಂದೇ ಅಚ್ಚು

"ಮೇಷ್ಟ್ರೇ, ಒಂದು ದೂರೂ ಬಂದಿಲ್ಲ ಅಂದ್ರೆ ಕೆಲಸ ಸರಿಯಾಗಿದೆ ಅಂತ ತಾನೇ ಅರ್ಥ?" ಎಂದು ಹಾಲೇಶ ಕೇಳಿದ.

ಕೇಳಿದ್ದು ಪ್ರಶ್ನೆಯ ಹಾಗಿದ್ದರೂ ಅವನಿಗೆ ಬೇಕಾಗಿದ್ದದ್ದು ಉತ್ತರವಲ್ಲ, ಬೆನ್ನು ತಟ್ಟುವ ಒಂದು ಕೈ. ರುದ್ರಮುನಿ ಮೇಷ್ಟ್ರಿಗೆ ಅದು ತಿಳಿಯದೆ ಇರಲಿಲ್ಲ. ಪಾಲಿಟೆಕ್ನಿಕ್ಕಿನಲ್ಲಿ ಆಯುಷ್ಯವೆಲ್ಲ ಪಾಠ ಹೇಳಿದವರು ಅವರು. ನಿವೃತ್ತರಾದ ಮೇಲೂ ಭಾನುವಾರ ಬೆಳಿಗ್ಗೆ ಹಳೆಯ ಶಿಷ್ಯರು ಅವರ ಮನೆಯ ಪಡಸಾಲೆಗೆ ಬರುವುದು ತಪ್ಪಿರಲಿಲ್ಲ. ಬಂದವರು ತಮ್ಮ ತಮ್ಮ ಕೆಲಸದ ತೊಡಕು ಹೇಳಿಕೊಳ್ಳುವರು, ಮೇಷ್ಟ್ರು ಕೇಳುವರು. ಆ ದಿನ ಹಾಲೇಶ ತೊಡಕು ತಂದಿರಲಿಲ್ಲ, ಗೆಲುವು ತಂದಿದ್ದ.

ಅವನು ಔಷಧಿ ಸಗಟು ಮಾರುವ ಒಂದು ಸಣ್ಣ ಕಂಪನಿಯಲ್ಲಿ ಕಂಪ್ಯೂಟರುಗಳ ಉಸ್ತುವಾರಿ ಹೊತ್ತವನು. ಅಲ್ಲಿನ ಹಳೆಯ ಕಂಪ್ಯೂಟರುಗಳು ಒಂದೊಂದಾಗಿ ಕೈಕೊಡತೊಡಗಿದಾಗ ಅವನೊಂದು ಯೋಜನೆ ಹಾಕಿದ. ಒಳಗಿನ ಕೋಣೆಯಲ್ಲಿ ಒಂದು ದೊಡ್ಡ ಸರ್ವರ್. ಮೇಜುಗಳ ಮೇಲೆ ಪರದೆ, ಕೀಬೋರ್ಡ್, ಮೌಸ್, ಜೊತೆಗೆ ಅಂಗೈಯಗಲದ ಒಂದು ಡಬ್ಬಿ, ಅಷ್ಟೇ. ಎದುರು ಕೂತವರು ಇದು ನನ್ನ ಕಂಪ್ಯೂಟರ್ ಎಂದುಕೊಳ್ಳುತ್ತಾರೆ. ನಿಜದಲ್ಲಿ ಎಲ್ಲರ ಕಂಪ್ಯೂಟರೂ ಆ ಸರ್ವರಿನ ಹೊಟ್ಟೆಯೊಳಗೇ ಇರುತ್ತದೆ. ಅದಕ್ಕೆ ಬೇಕಾದ ತಂತ್ರಾಂಶವನ್ನೂ ಅವನು ಕೊಂಡಿರಲಿಲ್ಲ. ಯಾರು ಬೇಕಾದರೂ ತೆಗೆದುಕೊಳ್ಳಿ, ಬಿಚ್ಚಿ ನೋಡಿ, ತಿದ್ದಿ ಎಂದು ಲೋಕದ ಮೂಲೆಮೂಲೆಯ ಜನ ಬರೆದು ಬಿಟ್ಟುಕೊಟ್ಟ ಮುಕ್ತ ತಂತ್ರಾಂಶ ಅದು. ಬಿಲ್ಲಿಂಗ್ ವಿಭಾಗದಲ್ಲಿ ಪ್ರಯೋಗ ಮುಗಿದಿತ್ತು. ನಾಳೆ ಮಾಲೀಕರು ಹೂಂ ಅಂದರೆ ಇಡೀ ಕಂಪನಿಗೆ ಅದೇ ಬರುತ್ತದೆ. ಹಳೆಯ ಕಂಪ್ಯೂಟರುಗಳು ಗುಜರಿಗೆ ಹೋಗುತ್ತವೆ. ಆಮೇಲೆ ಹಿಂದಿರುಗುವ ದಾರಿಯಿಲ್ಲ.

"ಬಂದು ಬಂದು ತಲೆ ತಿನ್ಬಾರ್ದು ಅಂತ ನನ್ನ ಕೋಣೆ ಬಾಗಿಲಿಗೆ ಒಂದು ಚೀಟಿ ಅಂಟಿಸಿದೀನಿ ಮೇಷ್ಟ್ರೇ. 'ಕೈಪಿಡಿ ಓದದೆ ಬಾಗಿಲು ತಟ್ಟಬೇಡಿ' ಅಂತ. ಮೊನ್ನೆ ಬಿಲ್ಲಿಂಗಿನ ಷಣ್ಮುಖಪ್ಪ ಬಂದ್ರು. ಪಾಪ, ಕನ್ನಡಕ ಏರಿಸ್ಕೊಂಡು ಚೀಟಿ ಓದಿದ್ರು. ಓದಿ ಹಂಗೇ ವಾಪಸ್ ಹೋದ್ರು ನೋಡಿ!"

ಪಡಸಾಲೆಯಲ್ಲಿದ್ದವರೆಲ್ಲ ನಕ್ಕರು. ಹಾಲೇಶ ಎಲ್ಲರಿಗಿಂತ ಜೋರಾಗಿ ನಕ್ಕ. ಮೇಷ್ಟ್ರು ಮಾತ್ರ ನಗಲಿಲ್ಲ.

"ಒಂದು ಕತೆ ಇದೆ, ಕೇಳು" ಎಂದರು. ಅವರು ಹೇಳಿದ ಕತೆ ಹೀಗಿತ್ತು.

ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಸೀರೆಯ ಅಂಚು, ಸೆರಗುಗಳ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಬರೆಸಿ ಮಗ್ಗದವರಿಗೆ ಒದಗಿಸುವುದು ಅವನ ಕಸುಬು. ಅವನ ಬಳಿ ಇಪ್ಪತ್ತು ಮಂದಿ ನಕ್ಷೆ ಬರೆಯುವವರಿದ್ದರು. ಅವರಲ್ಲಿ ಒಬ್ಬ ಹಿರಿಯಾಕೆ. ಆಕೆ ಬರೆದ ನವಿಲು ಅಂಚಿನಲ್ಲಿ ನಡೆಯುತ್ತದೆ ಎಂದು ಮಗ್ಗದವರು ಹೇಳುತ್ತಿದ್ದರು. ಹಬ್ಬದ ಸೀರೆಗೆ ಆಕೆಯ ಅಂಚೇ ಬೇಕೆಂದು ಕಾದು ಕೂರುತ್ತಿದ್ದರು.

ವರ್ತಕನ ಕಂಪ್ಯೂಟರುಗಳು ಹಳತಾದವು. ಹೊಸತನ್ನು ಹೊಂದಿಸಿಕೊಡಲು ಅವನು ಒಬ್ಬ ತಂತ್ರಜ್ಞನನ್ನು ಕರೆಸಿ ಕೆಲಸಕ್ಕೆ ಇಟ್ಟುಕೊಂಡ. ತಂತ್ರಜ್ಞ ಜಾಣ, ದುಡಿಮೆಗಾರ, ಹುಟ್ಟಾ ಎಡಚ. ಜಾಣನೆಂಬುದು ಅವನಿಗೆ ಸದಾ ನೆನಪಿರುತ್ತಿತ್ತು. ಎಡಚನೆಂಬುದು ಮರೆತೇ ಹೋಗಿತ್ತು.

ಅವನೂ ನಿನ್ನ ಹಾಗೆಯೇ ಯೋಜನೆ ಹಾಕಿದ. ಒಳಕೋಣೆಯಲ್ಲಿ ಒಂದು ಸರ್ವರ್, ಮೇಜುಗಳ ಮೇಲೆ ಬರೀ ಡಬ್ಬಿ, ಬಿಟ್ಟಿ ಸಿಗುವ ಅದೇ ಮುಕ್ತ ತಂತ್ರಾಂಶ. ಒಬ್ಬೊಬ್ಬರಿಗೆ ಎಷ್ಟು ಮೆಮೊರಿ ಬೇಕು ಎಂದು ಅಳೆದ. ಬೆಳಿಗ್ಗೆ ಎಲ್ಲರೂ ಒಮ್ಮೆಲೇ ತೆರೆದರೆ ಸರ್ವರ್ ಏದುಸಿರು ಬಿಡಬಾರದಲ್ಲ, ಅದನ್ನೂ ಲೆಕ್ಕ ಹಾಕಿದ. ಕರೆಂಟು ಹೋದರೆ ಬ್ಯಾಟರಿ, ಡಿಸ್ಕು ಕೆಟ್ಟರೆ ಇನ್ನೊಂದು ಡಿಸ್ಕು. ಯಾವುದನ್ನೂ ಅವನು ಬಿಡಲಿಲ್ಲ.

ನಡುವೆ ಒಂದು ಕಡೆ ಸಿಕ್ಕಿಬಿದ್ದ. ಸರ್ವರ್ ಎದ್ದಿತ್ತು, ಮೇಜಿನ ಪರದೆ ಕಪ್ಪಾಗಿಯೇ ಇತ್ತು. ದಿನಗಟ್ಟಲೆ ತಿಣುಕಿದ. ಕೊನೆಗೆ ಆ ಮುಕ್ತ ತಂತ್ರಾಂಶ ಬರೆದವರು, ಬಳಸುವವರು ಸೇರುವ ಅಂತರಜಾಲದ ಕಟ್ಟೆಯಲ್ಲಿ ತನ್ನ ಪ್ರಶ್ನೆ ಹಾಕಿದ. ಯಾವ ದೇಶದವನೋ, ಹೆಸರೂ ಪೂರ್ತಿ ಗೊತ್ತಿಲ್ಲದ ಒಬ್ಬ ಉತ್ತರ ಬರೆದ. ಒಂದೊಂದೇ ಕೇಳುತ್ತ, ಮಾಡಿ ನೋಡಿಸುತ್ತ, ಕಡೆಗೆ ತಪ್ಪು ಹಿಡಿದುಕೊಟ್ಟ. ಸರ್ವರಿನ ವಿಳಾಸದಲ್ಲಿ ತಂತ್ರಜ್ಞ ಒಂದು ಚುಕ್ಕಿ ಬಿಟ್ಟಿದ್ದ. ಅಷ್ಟೇ. ಇಷ್ಟು ಸಣ್ಣದಕ್ಕೆ ನಿಮ್ಮ ಹೊತ್ತು ತಿಂದೆ ಎಂದು ಇವನು ಬರೆದರೆ, ಆತ "ನನಗೂ ಹೀಗೆಯೇ ಯಾರೋ ಹೇಳಿಕೊಟ್ಟಿದ್ದರು" ಎಂದು ಬರೆದು ಸುಮ್ಮನಾದ.

ಇನ್ನು ಉಳಿದದ್ದು ಮೂಲ ಅಚ್ಚು. ಇಪ್ಪತ್ತು ಮಂದಿಗೆ ಇಪ್ಪತ್ತು ಕಂಪ್ಯೂಟರನ್ನು ಬೇರೆ ಬೇರೆಯಾಗಿ ಸಿದ್ಧಪಡಿಸುವವರು ಯಾರು? ಒಂದನ್ನು ಚೆನ್ನಾಗಿ ಸಿದ್ಧಪಡಿಸಿ, ಅದನ್ನೇ ಅಚ್ಚು ಮಾಡಿ, ಬೆಲ್ಲದ ಅಚ್ಚಿನ ಹಾಗೆ ಎಲ್ಲರಿಗೂ ಅದರಿಂದಲೇ ತೆಗೆಯುವುದು. ರಾತ್ರಿ ಎಲ್ಲ ಅಳಿಸಿ ಬೆಳಿಗ್ಗೆ ಅದೇ ಅಚ್ಚಿನಿಂದ ಮತ್ತೆ ಹೊಸದಾಗಿ ತೆಗೆಯುವುದು. ಬರೆದ ನಕ್ಷೆಗಳು ಬೇರೆ ಕಡೆ ಭದ್ರ. ಕಂಪ್ಯೂಟರ್ ಮಾತ್ರ ದಿನವೂ ಮಿಂದು ಬಂದಂತೆ. ಯಾರು ಏನು ಕೆಡಿಸಿದರೂ ಮರುದಿನ ಸರಿ.

ಅಚ್ಚಿಗೆ ಯಾವ ಕಂಪ್ಯೂಟರ್ ಆರಿಸುವುದು? ತಂತ್ರಜ್ಞ ಹೆಚ್ಚು ಯೋಚಿಸಲಿಲ್ಲ. ತನ್ನದರಷ್ಟು ಚೊಕ್ಕ ಕಂಪ್ಯೂಟರ್ ಆ ಕಚೇರಿಯಲ್ಲಿ ಬೇರೆ ಯಾವುದಿತ್ತು? ತನ್ನದನ್ನೇ ಅಚ್ಚು ಮಾಡಿದ. ಆಮೇಲೆ ಒಂದೊಂದು ಮೇಜಿಗೂ ಹೋಗಿ ತಾನೇ ಕೂತು, ತಾನೇ ಒತ್ತಿ ನೋಡಿದ. ಎಲ್ಲವೂ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ನಡೆಯಿತು.

ಮೊದಲ ದಿನ ನಕ್ಷೆಯವರೆಲ್ಲ ಕೂತರು. ಕೂತವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿರಿಯಳೆಂದು ಆಕೆಯೇ ಎದ್ದು ತಂತ್ರಜ್ಞನನ್ನು ಕರೆದಳು.

"ಸಾರ್, ಒತ್ತಿದ್ರೆ ಗೆರೆ ಬೀಳಲ್ಲ. ಏನೇನೋ ಪಟ್ಟಿ ತೆರ್ಕೊಳ್ತದೆ."

ತಂತ್ರಜ್ಞ ಬಂದ. ಮೌಸನ್ನು ತನ್ನ ಕಡೆಗೆ ಎಳೆದುಕೊಂಡು ಒತ್ತಿದ. ಗೆರೆ ನೆಟ್ಟಗೆ ಬಿತ್ತು. ಇನ್ನೊಮ್ಮೆ ಒತ್ತಿದ. ಇನ್ನೊಂದು ಗೆರೆ.

"ನನಗೆ ಬೀಳುತ್ತಲ್ಲಮ್ಮ! ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ" ಎಂದ.

ಕಚೇರಿಯೆಲ್ಲ ಗೊಳ್ಳೆಂದು ನಕ್ಕಿತು. ನಕ್ಕವರಲ್ಲಿ ಅದೇ ತೊಂದರೆ ಇದ್ದವರೂ ಇದ್ದರು. ಆಕೆಯ ಮುಖ ಇಷ್ಟೇ ಇಷ್ಟಾಯಿತು. ಆಕೆ ಕೂತು ಮತ್ತೆ ಒತ್ತಿದಳು. ಮತ್ತೆ ಪಟ್ಟಿ ತೆರೆಯಿತು. ಈ ಬಾರಿ ಆಕೆ ಯಾರನ್ನೂ ಕರೆಯಲಿಲ್ಲ.

ಇಲ್ಲಿಯವರೆಗೆ ಹಾಲೇಶ ಮುಗುಳ್ನಗುತ್ತಲೇ ಕೇಳುತ್ತಿದ್ದ. ಆ ಗಾದೆ ಅವನಿಗೂ ಇಷ್ಟದ್ದೇ. ಹೋದ ವಾರ ಯಾರಿಗೋ ಅವನೂ ಅಂದಿದ್ದ. ಯಾರಿಗೆ ಎಂದು ನೆನಪಾಗಲಿಲ್ಲ. ಮೇಷ್ಟ್ರು ಮುಂದುವರಿಸಿದರು.

ಆ ದಿನದಿಂದ ದೂರು ನಿಂತಿತು. ಒಬ್ಬೊಬ್ಬರು ಒಂದೊಂದು ಉಪಾಯ ಕಂಡುಕೊಂಡರು. ಕೆಲವರು ನಡುಬೆರಳಿನಿಂದ ಒತ್ತಲು ಕಲಿತರು. ಹೆಚ್ಚಿನವರು ಮೌಸನ್ನೇ ಎಡಕ್ಕೆ ಇಟ್ಟುಕೊಂಡರು. ಒಬ್ಬ ಚುರುಕಿನವನು ತಡಕಾಡಿ ತನ್ನ ಕಂಪ್ಯೂಟರನ್ನು ಸರಿಮಾಡಿಕೊಂಡ. ಮರುದಿನ ಬೆಳಿಗ್ಗೆ ಬಂದರೆ ಮತ್ತೆ ಮೊದಲಿನಂತೆಯೇ. ಇದು ಮೇಲಿನವರ ಅಪ್ಪಣೆಯೇ ಇರಬೇಕು ಎಂದುಕೊಂಡು ಅವನೂ ಕೈಬಿಟ್ಟ.

ಎಳೆಯ ಕೈಗಳು ಬೇಗ ಹೊಂದಿಕೊಂಡವು. ಹಿರಿಯಾಕೆಯ ಕೈ ಹೊಂದಿಕೊಳ್ಳಲಿಲ್ಲ. ಎಷ್ಟೋ ವರ್ಷ ತೋರುಬೆರಳನ್ನು ನಂಬಿ ನಡೆದ ಕೈ ಅದು. ಬೆಳಿಗ್ಗೆ ನಡುಬೆರಳು ಎಂದು ನೆನಪಿಟ್ಟುಕೊಂಡು ಕೂರುವಳು. ನವಿಲಿನ ಕತ್ತಿಗೆ ಬರುವ ಹೊತ್ತಿಗೆ ಮೈಮರೆತು ಹಳೆಯ ಬೆರಳೇ ಒತ್ತುವುದು. ಪಟ್ಟಿ ತೆರೆದುಕೊಂಡು, ಅದನ್ನು ಮುಚ್ಚಲು ಹೋದರೆ ಬರೆದದ್ದೂ ಅಳಿಸಿಹೋಗುವುದು. ಅಂಚುಗಳು ತಡವಾದವು. ಮಗ್ಗದವರು ಕಾದು ಬೇಸತ್ತು ಬೇರೆಯವರ ಅಂಚು ಕೇಳತೊಡಗಿದರು.

ವರ್ತಕ ಕೆಟ್ಟವನಲ್ಲ. ಅವನು ತಂತ್ರಜ್ಞನನ್ನು ಒಳಗೆ ಕರೆದು ಕೇಳಿದ, "ಯಂತ್ರದ್ದೇನಾದ್ರೂ ತೊಂದ್ರೇನಾ?"

"ಎಲ್ಲರಿಗೂ ಒಂದೇ ಅಚ್ಚು ಸಾರ್. ಯಂತ್ರದ್ದಾಗಿದ್ರೆ ಎಲ್ಲರಿಗೂ ಆಗ್ಬೇಕಿತ್ತಲ್ಲ? ಇನ್ಯಾರೂ ಒಂದು ಮಾತೂ ಹೇಳಿಲ್ಲ" ಎಂದ ತಂತ್ರಜ್ಞ.

ಮಾತು ನ್ಯಾಯವಾಗಿಯೇ ಕೇಳಿಸಿತು. ಕೆಲವು ದಿನ ಕಳೆದ ಮೇಲೆ ಹಿರಿಯಾಕೆಯೇ ವರ್ತಕನ ಮುಂದೆ ಬಂದು ನಿಂತಳು. ನನ್ನನ್ನು ಉಗ್ರಾಣಕ್ಕೆ ಹಾಕಿ, ಮಾದರಿ ಬಟ್ಟೆ ಮಡಿಸಿ ಲೇಬಲ್ ಅಂಟಿಸಿಕೊಂಡಿರುತ್ತೇನೆ ಎಂದು ಕೇಳಿಕೊಂಡಳು. ವರ್ತಕನಿಗೆ ಮನಸ್ಸಿರಲಿಲ್ಲ. ಆದರೂ ಆಗಲಿ ಅಂದ. ಆಕೆ ಕೂರುತ್ತಿದ್ದ ಕುರ್ಚಿ ಖಾಲಿಯಾಯಿತು. ವಯಸ್ಸಾದವರಿಗೆ ಹೊಸತು ಹತ್ತುವುದಿಲ್ಲ ಎಂದು ತಂತ್ರಜ್ಞ ಟೀ ಕುಡಿಯುತ್ತ ನಾಲ್ಕು ಜನರ ಹತ್ತಿರ ಹೇಳಿದ. ದೂರೇ ಇಲ್ಲದ ಕಚೇರಿ ನಮ್ಮದು ಎಂದೂ ಹೇಳಿಕೊಂಡ.

ಆಯುಧಪೂಜೆ ಬಂತು. ಸರ್ವರಿಗೆ ಹೂವು ಮುಡಿಸಿದರು. ಮೌಸುಗಳಿಗೆಲ್ಲ ಕುಂಕುಮ ಇಟ್ಟರು. ಯಂತ್ರದ ಹಬ್ಬ, ಯಂತ್ರದವನೇ ಪ್ರಸಾದ ಹಂಚಲಿ ಎಂದು ವರ್ತಕ ತಟ್ಟೆಯನ್ನು ತಂತ್ರಜ್ಞನ ಕೈಗೆ ಕೊಟ್ಟ. ತಂತ್ರಜ್ಞ ಎಡಗೈಯಲ್ಲಿ ತಟ್ಟೆ ಹಿಡಿದು, ನೆನಪಿಟ್ಟುಕೊಂಡು ಬಲಗೈಯಿಂದಲೇ ಹಂಚುತ್ತ ಬಂದ. ಒಬ್ಬ ಹುಡುಗಿ ಎಡಗೈ ಒಡ್ಡಿದಳು.

"ಪ್ರಸಾದಕ್ಕೆ ಎಡಗೈ ಒಡ್ತೀಯಲ್ಲೇ!" ಎಂದು ಪಕ್ಕದಲ್ಲಿದ್ದವರು ಗದರಿದರು.

ಹುಡುಗಿ ನಾಚಿ ಕೈ ಹಿಂದಕ್ಕೆ ಎಳೆದುಕೊಂಡಳು. "ದಿನಾ ಇದೇ ಕೈಲಿ ಕೆಲಸ ಮಾಡಿ ಮಾಡಿ ಇದೇ ಮುಂದೆ ಬಂದ್ಬಿಡುತ್ತೆ. ಸಾರ್ ಹಾಕಿರೋ ಸಿಸ್ಟಂ ಎಡಗೈದಲ್ವಾ" ಎಂದಳು.

ತಂತ್ರಜ್ಞ ನಿಂತಲ್ಲೇ ತಿರುಗಿ ಮೇಜುಗಳ ಕಡೆ ನೋಡಿದ. ಸಾಲಿಗೆ ಸಾಲೇ ಕುಂಕುಮ ಹಚ್ಚಿಕೊಂಡ ಮೌಸುಗಳು ಕೀಬೋರ್ಡಿನ ಎಡಕ್ಕೆ ಕೂತಿದ್ದವು. ದಿನವೂ ಅದರ ಮುಂದೆಯೇ ಓಡಾಡಿದ್ದ. ಎಡಕ್ಕಿರುವ ಮೌಸು ಅವನ ಕಣ್ಣಿಗೆ ಸರಿಯಾಗಿಯೇ ಕಂಡಿತ್ತು.

ಬಹಳ ಹಿಂದಿನ ಮಾತು ನೆನಪಾಯಿತು. ಶಾಲೆಗೆ ಸೇರಿದ ಹೊಸತರಲ್ಲಿ ಅವನು ಎಡಗೈಯಲ್ಲಿ ಬಳಪ ಹಿಡಿದಾಗಲೆಲ್ಲ ಗೆಣ್ಣಿಗೆ ರೂಲುದೊಣ್ಣೆಯ ಪೆಟ್ಟು ಬೀಳುತ್ತಿತ್ತು. ಉಳಿದ ಮಕ್ಕಳು ನಗುತ್ತಿದ್ದರು. ನನ್ನ ಕೈಯಲ್ಲೇ ಏನೋ ಕೆಟ್ಟದ್ದಿದೆ ಎಂದು ಅವನು ಆ ಕೈಯನ್ನು ಚಡ್ಡಿಯ ಜೇಬಿನಲ್ಲಿ ಬಚ್ಚಿಟ್ಟುಕೊಂಡು ತಿರುಗಿದ್ದ. ದೊಡ್ಡವನಾಗಿ ತನ್ನದೇ ಒಂದು ಕಂಪ್ಯೂಟರ್ ಕೊಂಡ ದಿನ ಮಾಡಿದ ಮೊದಲ ಕೆಲಸ ಮೌಸಿನ ಬಟನ್ನುಗಳನ್ನು ಅದಲುಬದಲು ಮಾಡಿದ್ದು. ಲೋಕದಲ್ಲಿ ಇದೊಂದಾದರೂ ನನ್ನ ಕೈಯ ಮಾತು ಕೇಳುತ್ತದೆ ಎಂದು ಆ ದಿನ ಹಿಗ್ಗಿದ್ದ. ಎಲ್ಲಿ ಕೆಲಸಕ್ಕೆ ಸೇರಿದರೂ ಅದೇ ಮಾಡುತ್ತಿದ್ದ. ಮಾಡಿ ಮಾಡಿ, ಮಾಡಿದ್ದೇ ಮರೆತಿತ್ತು. ಅಚ್ಚಿನ ಜೊತೆ ಅದೂ ಇಪ್ಪತ್ತು ಮೇಜಿಗೆ ಹೋಗಿತ್ತು. ಯಾವ ಪೆಟ್ಟಿನಿಂದ ತಾನು ತಪ್ಪಿಸಿಕೊಂಡು ಬಂದಿದ್ದನೋ ಅದೇ ಪೆಟ್ಟನ್ನು ಇಪ್ಪತ್ತು ಜನರ ಗೆಣ್ಣಿಗೆ ಕೊಟ್ಟಿದ್ದ. ತಟ್ಟೆಯನ್ನು ಯಾರ ಕೈಗೋ ಕೊಟ್ಟು ಒಳಕೋಣೆಗೆ ಹೋದ.

ಅಚ್ಚನ್ನು ತಿದ್ದಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಒಂದು ಕಡೆ ಒಂದು ಗುರುತು ತೆಗೆದರೆ ಮುಗಿಯಿತು. ಅಷ್ಟು ಸುಲಭವಾಗಿದ್ದದ್ದಕ್ಕೇ ಅವನಿಗೆ ಹೆಚ್ಚು ನಾಚಿಕೆಯಾಯಿತು.

ಉಗ್ರಾಣಕ್ಕೆ ಹೋದ. ಹಿರಿಯಾಕೆ ಬಟ್ಟೆ ಮಡಿಸುತ್ತಿದ್ದಳು. ನಿಮ್ಮ ಕೈಯ ತಪ್ಪಲ್ಲ, ನನ್ನದು ಎಂದು ಎಲ್ಲವನ್ನೂ ಬಿಡಿಸಿ ಹೇಳಿದ. ಆಕೆ ಬೈಯಬಹುದು ಎಂದುಕೊಂಡಿದ್ದ. ಬೈದರೆ ಒಳ್ಳೆಯದು ಎಂದೂ ಅನ್ನಿಸಿತ್ತು. ಆಕೆ ಬೈಯಲಿಲ್ಲ.

"ಹಂಗಾ ಸಾರ್?" ಎಂದಳು. ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡಳು. "ಮನೇಲಿ ದಿನಾ ದೀಪದ ಮುಂದೆ ಕೈ ಚಾಚಿ ನಡುಗುತ್ತಾ ಅಂತ ನೋಡ್ಕೊತಿದ್ದೆ. ಡಾಕ್ಟ್ರಿಗೂ ತೋರಿಸ್ದೆ. ಕೈಲಿ ಏನೂ ಇಲ್ಲಮ್ಮ ಅಂದ್ರು. ಹಂಗಾದ್ರೆ ತಲೇಲೇ ಏನೋ ಆಗಿರ್ಬೇಕು ಅನ್ಕೊಂಡು ಸುಮ್ನಾದೆ."

ತಂತ್ರಜ್ಞನಿಗೆ ಆಗ ಆ ದೂರದೇಶದವನ ನೆನಪು ಬಂತು. ಮುಖ ನೋಡದವನು, ಹೆಸರು ಗೊತ್ತಿಲ್ಲದವನು, ಒಂದು ಚುಕ್ಕಿ ಬಿಟ್ಟವನ ಜೊತೆ ತಾಳ್ಮೆಯಿಂದ ಕೂತಿದ್ದ. ತಾನು ದಿನವೂ ನಮಸ್ಕಾರ ಹೇಳುತ್ತಿದ್ದ ಹೆಂಗಸಿನ ಪಕ್ಕದಲ್ಲಿ ನಿಂತು, ನೀವೇ ಒಮ್ಮೆ ಒತ್ತಿ ತೋರಿಸಿ ಎಂದು ಕೇಳಿರಲಿಲ್ಲ. ತಂತ್ರಾಂಶವನ್ನಷ್ಟೇ ಬಿಟ್ಟಿಯಾಗಿ ತಂದಿದ್ದ. ಅದರ ಜೊತೆ ಸಿಕ್ಕಿದ್ದ ತಾಳ್ಮೆಯನ್ನು ದಾರಿಯಲ್ಲೇ ಚೆಲ್ಲಿ ಬಂದಿದ್ದ.

ಹಬ್ಬ ಕಳೆದು ಕಚೇರಿ ತೆರೆದ ದಿನ ಅವನು ಗಾದೆ ಹೇಳಿದ ಜಾಗದಲ್ಲೇ ಹೋಗಿ ನಿಂತ. "ನೆಲವೇ ಡೊಂಕಿತ್ತು. ಡೊಂಕು ಮಾಡಿದವನು ನಾನು" ಎಂದ. ನಗಲಿ ಎಂದು ಕಾದ. ಅವರು ನಕ್ಕಿದ್ದರೆ ಅವನಿಗೆ ಹಗುರಾಗುತ್ತಿತ್ತು. ಯಾರೂ ನಗಲಿಲ್ಲ. ಆ ದಿನ ನಕ್ಕಿದ್ದವರೂ ತಲೆ ತಗ್ಗಿಸಿಕೊಂಡು ಮೌಸುಗಳನ್ನು ಬಲಕ್ಕೆ ಇಟ್ಟುಕೊಂಡರು.

ಹಿರಿಯಾಕೆ ತನ್ನ ಕುರ್ಚಿಗೆ ಮರಳಿದಳು. ನವಿಲು ಮತ್ತೆ ಅಂಚಿನಲ್ಲಿ ನಡೆಯಿತು. ಆದರೆ ಪ್ರತಿ ಸಲ ಒತ್ತುವ ಮುನ್ನ ಆಕೆ ಪಕ್ಕದವರ ಮುಖವನ್ನೊಮ್ಮೆ ನೋಡುವಳು. ಆ ಅಭ್ಯಾಸ ಮೊದಲು ಇರಲಿಲ್ಲ. ರಾತ್ರಿ ಎಲ್ಲವನ್ನೂ ಅಳಿಸುವ ಯಂತ್ರ ತಂತ್ರಜ್ಞನ ಬಳಿ ಇತ್ತು. ಇದನ್ನು ಅಳಿಸುವುದು ಅದಕ್ಕೆ ಬರುತ್ತಿರಲಿಲ್ಲ.

ಮೇಷ್ಟ್ರು ಕತೆ ನಿಲ್ಲಿಸಿ ಲೋಟದ ನೀರು ಕುಡಿದರು.

ಹಾಲೇಶನಿಗೆ ಷಣ್ಮುಖಪ್ಪ ಕಣ್ಣಿಗೆ ಕಟ್ಟಿದಂತೆ ಕಂಡರು. ಕನ್ನಡಕ ಏರಿಸಿಕೊಂಡು ಚೀಟಿ ಓದುತ್ತಿದ್ದ ಷಣ್ಮುಖಪ್ಪ. ಗಾಜಿನ ಬಾಗಿಲ ಈಚೆ ಕೂತು ತಾನು ಅವರನ್ನು ನೋಡುತ್ತಲೇ ಇದ್ದ. ಅವರ ಕೈಯಲ್ಲಿ ಏನೋ ಕಾಗದವಿತ್ತು. ಔಷಧಿಯ ಬಿಲ್ಲಿರಬೇಕು. ಏನು ಕೇಳಲು ಬಂದಿದ್ದರು? ಬಿಲ್ಲಿನಲ್ಲಿ ಏನಾದರೂ ತಪ್ಪು ಬೀಳುತ್ತಿತ್ತೇ? ಒಂದು ಔಷಧಿಯ ಜಾಗದಲ್ಲಿ ಇನ್ನೊಂದು ಹೋಗುತ್ತಿತ್ತೇ? ಗೊತ್ತಿಲ್ಲ. ಗೆದ್ದೆನೆಂದು ಹೇಳಿಕೊಳ್ಳಲು ಬಂದವನಿಗೆ ಅದೊಂದು ಗೊತ್ತೇ ಇರಲಿಲ್ಲ. ಅವರು ತಿರುಗಿ ಹೋದ ಮೇಲೆ ತಾನು ನಕ್ಕದ್ದು ಮಾತ್ರ ಚೆನ್ನಾಗಿ ನೆನಪಿತ್ತು. ಸುತ್ತ ಕೂತವರೆಲ್ಲ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಏನಾದರೂ ಹೇಳಿ ಪಾರಾಗಬೇಕಿತ್ತು.

"ನಾನು ಬಲಗೈಯವನು ಮೇಷ್ಟ್ರೇ" ಎಂದ. ನಗಲು ನೋಡಿದ, ಆಗಲಿಲ್ಲ.

ಮೇಷ್ಟ್ರು ಲೋಟವನ್ನು ಕೆಳಗಿಟ್ಟರು.

"ಹಂಗಾದ್ರೆ ನಿನ್ನ ಎಡಗೈ ಯಾವುದು ಅಂತ ನಿನಗಿನ್ನೂ ಯಾರೂ ಹೇಳಿಲ್ಲ ಕಣಪ್ಪ."